‘ಅನ್ವೇಷಣೆ’ಗೆ ಹೊರಟ ತಂಡದಲ್ಲಿ ಹಿಂದಿನ ಬೆಂಚಿಗೆ ಸೀಟಿಲ್ಲ!

ಆಗಸ್ಟ್ ಬಂತೆಂದರೆ ಜಿಲ್ಲೆಯ ಹೈಸ್ಕೂಲುಗಳಲ್ಲಿ ಸ್ಪರ್ಧೆಗಳ ಹಂಗಾಮು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿಯಿತು. ಆ ದಿನವನ್ನು ರಾಷ್ಟ್ರೀಯ ಬಾಹ್ಯಾಕಾಶ ದಿನವೆಂದು ಸಾರಿದ ಮೇಲೆ ಈ ಹಂಗಾಮಿಗೆ ಇನ್ನಷ್ಟು ಕಳೆ ಬಂದಿದೆ. ಕ್ವಿಜ್ಜು, ಮಾದರಿ ತಯಾರಿ, ಪ್ರಾಜೆಕ್ಟು, ತಂಡ ಸ್ಪರ್ಧೆ, ಹೀಗೆ ಹೆಸರು ಏನೇ ಇರಲಿ, ಬ್ಯಾನರಿನ ಒಂದು ಮೂಲೆಯಲ್ಲಿ ‘ಅನ್ವೇಷಣೆ’ ಎಂಬ ಪದ ಇದ್ದರೇನೇ ಅದಕ್ಕೆ ಗತ್ತು. ಮಣಿಪಾಲದ ಬಸ್ಸಿನಲ್ಲಿ ಥರ್ಮಾಕೋಲ್ ರಾಕೆಟ್ಟನ್ನು ಎದೆಗವುಚಿಕೊಂಡು ನಿಂತ ಮಕ್ಕಳನ್ನು, ಅದಕ್ಕೆ ಮೊಣಕೈ ತಾಗಿಸಿ ಬೈಗುಳ ತಿಂದ ಪ್ರಯಾಣಿಕರನ್ನು ಎಲ್ಲರೂ ನೋಡಿರುತ್ತಾರೆ.

ಸಂತೋಷದ ವಿಷಯವೇ. ಹುಡುಗ ಹುಡುಗಿಯರು ಕ್ಲಾಸಿನಿಂದ ಹೊರಗೆ ಬಂದು, ನಾಲ್ಕು ಮಂದಿ ಒಟ್ಟಾಗಿ ಬುದ್ಧಿ ಓಡಿಸುವುದನ್ನು ಬೇಡ ಎನ್ನುವವರು ಯಾರೂ ಇಲ್ಲ. ಆದರೆ ಕೇಳಬೇಕಾದ ಪ್ರಶ್ನೆ ಎರಡುಂಟು. ಆ ತಂಡದಲ್ಲಿ ಇರುವುದು ಯಾರು? ಅವರು ಹುಡುಕಲು ಹೊರಟಿರುವುದು ಏನನ್ನು?

ಎರಡನೆಯದನ್ನೇ ಮೊದಲು ನೋಡುವ. ಈಗ ನಡೆಯುವ ಸ್ಪರ್ಧೆಗಳಲ್ಲಿ ಹೆಚ್ಚಿನವು ಕ್ವಿಜ್ ಜಾತಿಯವು. ಉತ್ತರ ಮೊದಲೇ ಕ್ವಿಜ್ ಮಾಸ್ತರರ ಕೈಯ ಕಾರ್ಡಿನಲ್ಲಿ ಇರುತ್ತದೆ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು ಎಷ್ಟರಲ್ಲಿ? 1498. ಬಜರ್ ಮೊದಲು ಒತ್ತಿದವನಿಗೆ ಹತ್ತು ಅಂಕ, ಚಪ್ಪಾಳೆ, ಮುಂದಿನ ಪ್ರಶ್ನೆ. ಇದರಿಂದ ಸಭಾಕಂಪ ಹೋಗುತ್ತದೆ, ಪೇಪರು ಓದುವ ಅಭ್ಯಾಸ ಬರುತ್ತದೆ, ಒಪ್ಪೋಣ. ಆದರೆ ಇದು ಅನ್ವೇಷಣೆ ಅಲ್ಲ. ಬೇರೆಯವರು ಮಾಡಿದ ಅನ್ವೇಷಣೆಯ ಬಾಯಿಪಾಠ. ಗಾಮನಿಗೆ ದಾರಿ ಗೊತ್ತಿರಲಿಲ್ಲ, ಆದ್ದರಿಂದ ಹುಡುಕಿದ. ಕ್ವಿಜ್ಜಿನ ಹುಡುಗನಿಗೆ ಗೊತ್ತಿಲ್ಲದಿದ್ದರೆ ಪ್ರಶ್ನೆ ಪಕ್ಕದ ತಂಡಕ್ಕೆ ಪಾಸ್ ಆಗುತ್ತದೆ!

ಇನ್ನೊಂದು ಜಾತಿಯ ಸ್ಪರ್ಧೆಯೂ ಉಂಟು, ಅದಕ್ಕೆ ಇಷ್ಟು ಪ್ರಚಾರ ಇಲ್ಲ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 1993ರಲ್ಲಿ ಶುರು ಮಾಡಿದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ. ಕರ್ನಾಟಕದಲ್ಲಿ ಇದನ್ನು ನಡೆಸಿಕೊಂಡು ಬಂದದ್ದು 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. 10ರಿಂದ 17 ವರ್ಷದ ಮಕ್ಕಳು ತಂಡ ಕಟ್ಟಿ, ತಮ್ಮ ಊರಿನದ್ದೇ ಒಂದು ಸಮಸ್ಯೆ ಹಿಡಿದು, ಅಳೆದು, ಎಣಿಸಿ, ಮನೆ ಮನೆಗೆ ಹೋಗಿ ವಿಚಾರಿಸಿ, ಪುಸ್ತಕದಲ್ಲಿ ದಿನಾಂಕ ಹಾಕಿ ಬರೆದಿಟ್ಟು ಕಡೆಗೆ ವರದಿ ಒಪ್ಪಿಸಬೇಕು. ಮೊದಲು ಜಿಲ್ಲೆ, ನಂತರ ರಾಜ್ಯ, ಆಮೇಲೆ ರಾಷ್ಟ್ರ. ಎರಡೆರಡು ವರ್ಷಕ್ಕೊಂದು ಮುಖ್ಯ ವಿಷಯ. 2008-09ರಲ್ಲಿ ಭೂಮಿಯೇ ನಮ್ಮ ಮನೆ, ಅದನ್ನು ಅನ್ವೇಷಿಸಿ, ಕಾಪಾಡಿ, ಹಂಚಿಕೊಳ್ಳಿ ಎಂಬ ವಿಷಯ ಇತ್ತು. 2012-13ರಲ್ಲಿ ಇಂಧನದ ಅನ್ವೇಷಣೆ.

ಇದರ ನಿಯಮ ಓದಿದರೆ ಆಶ್ಚರ್ಯವಾಗುತ್ತದೆ. ಇಂಗ್ಲಿಷಿನಲ್ಲೇ ಮಾತಾಡಬೇಕೆಂದಿಲ್ಲ, ತಮ್ಮ ಭಾಷೆಯಲ್ಲಿ ಹೇಳಬಹುದು. ಶಾಲೆ ಬಿಟ್ಟ ಮಕ್ಕಳೂ ಸೇರಬಹುದು. ಹೌದು, ಶಾಲೆ ಬಿಟ್ಟವರೂ. ಮಲ್ಪೆಯ ಬಂದರಿನಲ್ಲಿ ಬುಟ್ಟಿ ಹೊರುವ ಹುಡುಗನಿಗೂ ಕಾಗದದ ಮೇಲೆ ಬಾಗಿಲು ತೆರೆದಿದೆ. ಕಾಗದದ ಮೇಲೆ!

ಐದು ಇದ್ದದ್ದು ಎರಡಾಯಿತು

ಇಲ್ಲಿಗೆ ಮೊದಲನೇ ಪ್ರಶ್ನೆ ಬಂತು. ಈ ಸಮಾವೇಶದಲ್ಲಿ ಮೊದಲು ತಂಡವೆಂದರೆ ಐದು ಮಂದಿಯ ತನಕ ಇರುತ್ತಿತ್ತು. ಆಮೇಲೆ ಅದನ್ನು ಎರಡಕ್ಕೆ ಇಳಿಸಿದರು. ಖರ್ಚಿನ ಲೆಕ್ಕ ಹಾಕುವವರಿಗೆ ಇದು ಸಣ್ಣ ಬದಲಾವಣೆ. ಹೈಸ್ಕೂಲಿನ ಒಳಗೆ ಮಾತ್ರ ಇದರ ಪರಿಣಾಮ ದೊಡ್ಡದು. ಐದು ಮಂದಿ ಬೇಕಿದ್ದಾಗ ವಿಜ್ಞಾನದ ಮಾಸ್ತರರು ಕ್ಲಾಸಿಗೆ ಫಸ್ಟ್ ಬಂದವಳನ್ನು ಕರೆಯುತ್ತಿದ್ದರು, ಚಿತ್ರ ಬಿಡಿಸುವವನನ್ನು ಕರೆಯುತ್ತಿದ್ದರು, ಸೈಕಲ್ ಇದ್ದವನನ್ನು, ಮನೆ ಮನೆಗೆ ಹೋಗಿ ಮಾತಾಡುವ ಧೈರ್ಯ ಇದ್ದವಳನ್ನು ಸೇರಿಸುತ್ತಿದ್ದರು. ಎರಡೇ ಮಂದಿ ಎಂದಾಗ? ಒಂದನೇ ರ‍್ಯಾಂಕು, ಎರಡನೇ ರ‍್ಯಾಂಕು. ಅಲ್ಲಿಗೆ ಮುಗಿಯಿತು.

ಮಾಸ್ತರರನ್ನು ದೂರಿ ಪ್ರಯೋಜನವಿಲ್ಲ. ಅವರ ತಲೆಯ ಮೇಲೆ ಬಿಸಿಯೂಟದ ಲೆಕ್ಕ, ಮೊಟ್ಟೆ ಬಾಳೆಹಣ್ಣಿನ ಲೆಕ್ಕ, ಕಂಪ್ಯೂಟರಿಗೆ ತುಂಬಿಸುವ ಮಾಹಿತಿ, ಇತ್ಯಾದಿ ಇತ್ಯಾದಿ. ಕೆಲವು ಕಡೆ ವಿಜ್ಞಾನಕ್ಕೆ ಅತಿಥಿ ಶಿಕ್ಷಕರೇ ಗತಿ. ಇದರ ಮೇಲೆ ಎಸ್ಸೆಸ್ಸೆಲ್ಸಿ ಫಲಿತಾಂಶ ಎಂಬ ಭೂತ. 2024ರಲ್ಲಿ ಉಡುಪಿ ಜಿಲ್ಲೆ ಶೇ. 94 ಫಲಿತಾಂಶ ಪಡೆದು ಇಡೀ ರಾಜ್ಯಕ್ಕೆ ಮೊದಲು ಬಂತು. 2025ರಲ್ಲಿ ದಕ್ಷಿಣ ಕನ್ನಡ ಮುಂದೆ ಹೋಯಿತು, ಉಡುಪಿ ಎರಡನೆಯದಾಯಿತು. ಅಷ್ಟಕ್ಕೇ ಇಲ್ಲಿ ಮುಖ ಸಪ್ಪೆ ಮಾಡಿಕೊಂಡವರುಂಟು! ಹೀಗಿರುವಾಗ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಮೂರು ತಿಂಗಳು ಬಾವಿಯ ನೀರು ಅಳೆಯುತ್ತೇನೆಂದರೆ ಬೈಗುಳ ಸಿಗುತ್ತದೆಯೇ ಹೊರತು ಟೇಪು ಸಿಗುವುದಿಲ್ಲ.

ಅಮೆರಿಕದಲ್ಲಿ ‘ಅಕಾಡೆಮಿಕ್ ಡೆಕಾಥ್ಲಾನ್’ ಎಂಬ ಹೈಸ್ಕೂಲು ತಂಡ ಸ್ಪರ್ಧೆ ಉಂಟು. ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಲ್ಲಿ 1968ರಲ್ಲಿ ಶುರುವಾದದ್ದು. ಹತ್ತು ವಿಷಯ, ಒಂಬತ್ತು ಮಂದಿಯ ತಂಡ. ಅದರ ಕೀಲಿ ಇರುವುದು ತಂಡ ಕಟ್ಟುವ ನಿಯಮದಲ್ಲಿ. ಒಂಬತ್ತರಲ್ಲಿ ಮೂವರು ‘ಎ’ ದರ್ಜೆಯವರು, ಮೂವರು ‘ಬಿ’, ಉಳಿದ ಮೂವರು ‘ಸಿ’ ದರ್ಜೆಯವರು ಇರಬೇಕು. ಒಂಬತ್ತು ಮಂದಿಯನ್ನೂ ಮುಂದಿನ ಬೆಂಚಿನಿಂದಲೇ ಎತ್ತಲಿಕ್ಕೆ ಆಗುವುದಿಲ್ಲ. ಗೆಲ್ಲಬೇಕಾದರೆ ಶಾಲೆಯೇ ಹಿಂದಿನ ಬೆಂಚಿಗೆ ಹೋಗಿ ಮಕ್ಕಳನ್ನು ಹುಡುಕಬೇಕು, ಸಂಜೆ ಕೂರಿಸಿ ಕಲಿಸಬೇಕು. ಅಲ್ಲಿಯವರೆಲ್ಲ ಸತ್ಯಹರಿಶ್ಚಂದ್ರರ ಮಕ್ಕಳೇನಲ್ಲ. 1995ರಲ್ಲಿ ಷಿಕಾಗೋದ ಒಂದು ಶಾಲೆಯ ತಂಡ ಪ್ರಶ್ನೆಪತ್ರಿಕೆಯನ್ನು ಮೊದಲೇ ಕೈವಶ ಮಾಡಿಕೊಂಡು ಗೆದ್ದು, ಸಿಕ್ಕಿಬಿದ್ದು, ಪ್ರಶಸ್ತಿ ಕಳೆದುಕೊಂಡಿತು. ಆದರೂ ಆ ಮೂರು-ಮೂರು-ಮೂರರ ಲೆಕ್ಕ ಒಳ್ಳೆಯ ಲೆಕ್ಕ. ಇದನ್ನು ಇಲ್ಲಿ ತರಲು ಸರಕಾರಿ ಆದೇಶ ಬೇಡ. ಸ್ಪರ್ಧೆ ನಡೆಸುವ ಕ್ಲಬ್ಬೋ ಕಾಲೇಜೋ ಕರಪತ್ರದಲ್ಲಿ ಒಂದು ಸಾಲು ಸೇರಿಸಿದರೆ ಸಾಕು.

ಹುಡುಕಲಿಕ್ಕೆ ಇಲ್ಲಿ ಬೇಕಾದಷ್ಟುಂಟು

ಹಿಂದಿನ ಬೆಂಚಿನವನು ಬೇಕು ಎನ್ನುವುದು ಅನುಕಂಪಕ್ಕಲ್ಲ. ಕೆಲಸಕ್ಕೆ. ಕಾಪು ತಾಲೂಕಿನ ಮಟ್ಟುವನ್ನೇ ತೆಗೆದುಕೊಳ್ಳಿ. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ ಮಟ್ಟುಗುಳ್ಳ ಬೆಳೆಯುವ ಊರು. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ. ಗದ್ದೆಗೆ ಉಪ್ಪುನೀರು ಯಾವ ತಿಂಗಳು ಹತ್ತುತ್ತದೆ, ಯಾವ ಬಾವಿ ಮೊದಲು ಕೆಡುತ್ತದೆ, ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವುದು ಹದಿನೈದು ದಿನ ತಡವಾದರೆ ಏನಾಗುತ್ತದೆ? ಇದರ ಉತ್ತರ ಯಾವ ಕ್ವಿಜ್ ಪುಸ್ತಕದಲ್ಲೂ ಇಲ್ಲ, ಮೊಬೈಲಿನಲ್ಲೂ ಇಲ್ಲ. ಆದರೆ ಆ ಗದ್ದೆಯಲ್ಲಿ ಅಪ್ಪನ ಜೊತೆ ಗುಳ್ಳ ಕೊಯ್ದು ಶಾಲೆಗೆ ತಡವಾಗಿ ಬಂದು ಹೊರಗೆ ನಿಲ್ಲುವ ಹುಡುಗನಿಗೆ ಅರ್ಧ ಗೊತ್ತಿರುತ್ತದೆ. ಅದನ್ನು ಬರೆದಿಡಲಿಕ್ಕೆ ಫಸ್ಟ್ ರ‍್ಯಾಂಕಿನವಳು ಬೇಕು. ಒಬ್ಬರಿಲ್ಲದೆ ಇನ್ನೊಬ್ಬರಿಗೆ ಆಗುವ ಕೆಲಸ ಅಲ್ಲ ಇದು.

ನೀರಿನ ಸಂಗತಿ ಇಡೀ ಜಿಲ್ಲೆಗೆ ಸೇರಿದ್ದು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಊರಿದು. ಆದರೂ 2019ರ ಬೇಸಗೆಯಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟು ಬತ್ತಿ, ಉಡುಪಿ ನಗರದಲ್ಲಿ ಸರದಿಯ ಮೇಲೆ ನೀರು ಬಿಡಬೇಕಾಯಿತು. ಹೋಟೆಲಿನವರು ಟ್ಯಾಂಕರಿಗೆ ಕಾದು ಕುಳಿತದ್ದನ್ನು ಮರೆತಿರಲಾರರು. ದೀಪಾವಳಿಯಿಂದ ಮೇ ತನಕ ವಾರಕ್ಕೊಮ್ಮೆ ಹತ್ತು ಶಾಲೆಗಳ ಮಕ್ಕಳು ಹಗ್ಗಕ್ಕೆ ಗಂಟು ಹಾಕಿ ತಮ್ಮ ತಮ್ಮ ಬೈಲಿನ ಬಾವಿಯ ಮಟ್ಟ ಅಳೆದು ಬರೆದಿಟ್ಟರೆ, ಮುಂದಿನ ಬರಗಾಲಕ್ಕೆ ನಗರಸಭೆಗೂ ಪಂಚಾಯತಿಗೂ ಉಪಯೋಗವಾದೀತು. ಬೇಕಾದದ್ದು ಒಂದು ಹಗ್ಗ, ಒಂದು ಕಲ್ಲು, ಒಂದು ನೋಟ್‌ಬುಕ್ಕು. ಥರ್ಮಾಕೋಲ್ ಬೇಕಿಲ್ಲ.

ಕಾರ್ಕಳಕ್ಕೆ ಹೋದರೆ 1432ರಲ್ಲಿ ನಿಂತ 42 ಅಡಿಯ ಗೊಮ್ಮಟ. ಎತ್ತರ ಎಷ್ಟು, ವರ್ಷ ಯಾವುದು ಎಂಬುದು ಕ್ವಿಜ್ಜಿನ ಪ್ರಶ್ನೆ. ಅಷ್ಟು ಭಾರದ ಕಲ್ಲನ್ನು ಆ ಬೋಳು ಬಂಡೆಯ ಗುಡ್ಡದ ಮೇಲೆ ಏರಿಸಲಿಕ್ಕೆ ಎಷ್ಟು ಜನ, ಎಂಥ ಇಳಿಜಾರು ಬೇಕಾದೀತು ಎಂಬುದು ಅನ್ವೇಷಣೆಯ ಪ್ರಶ್ನೆ. ಕಲ್ಲಿನ ಕೋರೆಯಲ್ಲಿ ದುಡಿಯುವವರ ಮಗ ತಂಡದಲ್ಲಿ ಇದ್ದರೆ ಸನ್ನೆಗೋಲು ಎಂದರೇನೆಂದು ಅವನು ಪ್ರೊಫೆಸರಿಗೂ ಹೇಳಿಕೊಟ್ಟಾನು. ಮಲ್ಪೆಯ ಎದುರಿನ ಸೈಂಟ್ ಮೇರೀಸ್ ದ್ವೀಪದ ಕಂಬದಂಥ ಕಲ್ಲುಗಳು ಸುಮಾರು 8.8 ಕೋಟಿ ವರ್ಷ ಹಿಂದಿನವು, ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದವು ಎನ್ನುತ್ತಾರೆ ಭೂವಿಜ್ಞಾನಿಗಳು. ದೂರದೂರದಿಂದ ಪ್ರವಾಸಿಗಳು ಬಂದು ಫೋಟೋ ತೆಗೆದುಕೊಂಡು ಹೋಗುತ್ತಾರೆ. ದಡದ ಶಾಲೆಯ ಎಷ್ಟು ಮಕ್ಕಳನ್ನು ಮಾಸ್ತರರು ಅಲ್ಲಿಗೆ ಪಾಠಕ್ಕೆಂದು ಕರೆದುಕೊಂಡು ಹೋದದ್ದುಂಟು?

ಬಸ್ಸಿನ ತಾಪತ್ರಯ

ಇನ್ನು ಸ್ಪರ್ಧೆ ಎಲ್ಲಿ ನಡೆಯುತ್ತದೆ ಎಂಬುದೂ ತಂಡದಲ್ಲಿ ಯಾರಿರಬೇಕೆಂದು ತೀರ್ಮಾನಿಸುತ್ತದೆ. ಸಾಮಾನ್ಯವಾಗಿ ಉಡುಪಿ, ಇಲ್ಲವೇ ಮಣಿಪಾಲ. ಬೆಳಿಗ್ಗೆ ಒಂಬತ್ತಕ್ಕೆ ನೋಂದಣಿ. ಹೆಬ್ರಿಯ ಒಳಗಿನ ಹಳ್ಳಿಯಿಂದ ಬರುವವರು ಕತ್ತಲೆಗೇ ಏಳಬೇಕು. ಸಮಾರೋಪದಲ್ಲಿ ಅತಿಥಿಗಳು ಒಬ್ಬರ ಹಿಂದೆ ಒಬ್ಬರು ಭಾಷಣ ಬಿಗಿದು ಬಹುಮಾನ ಹಂಚುವಾಗ ಊರಿನ ಕಡೆಯ ಬಸ್ಸು ಹೋಗಿ ಆಗಿರುತ್ತದೆ. 2023ರ ಜೂನಿನಿಂದ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೇಟಿಲ್ಲ, ಸರಿ. ಆದರೆ ಈ ಜಿಲ್ಲೆಯ ಒಳದಾರಿಗಳಲ್ಲಿ ಖಾಸಗಿ ಬಸ್ಸಿನದ್ದೇ ರಾಜ್ಯಭಾರ. ಸ್ವಂತ ವ್ಯಾನು ಇರುವ ಶಾಲೆಯ ಮಕ್ಕಳು ಸುಖವಾಗಿ ಬಂದು ಇಳಿಯುತ್ತಾರೆ. ಉಳಿದವರು ಮಾಸ್ತರರ ಕಿಸೆಯನ್ನು ನೋಡಬೇಕು. ಮೊದಲ ಸುತ್ತನ್ನು ತಾಲೂಕಿನಲ್ಲೋ ಹೋಬಳಿಯಲ್ಲೋ ನಡೆಸಿ ನಾಲ್ಕು ಗಂಟೆಯೊಳಗೆ ಮುಗಿಸಿದರೆ ಅರ್ಧ ತೊಂದರೆ ತಪ್ಪುತ್ತದೆ.

ಇಸ್ರೋ 2019ರಲ್ಲಿ ಆರಂಭಿಸಿದ ‘ಯುವಿಕಾ’ ಶಿಬಿರ 9ನೇ ತರಗತಿಯವರಿಗೆ ಇರುವಂಥದ್ದು. ಆಯ್ಕೆಯಲ್ಲಿ ಅಂಕದ ತೂಕವೇ ದೊಡ್ಡದು, ನಿಜ. ಆದರೆ ಹಳ್ಳಿಯ ಶಾಲೆಯಲ್ಲಿ ಓದುವವರಿಗೆಂದು ಬೇರೆ ಅಂಕ ಇಟ್ಟಿದ್ದಾರೆ. ರಾಕೆಟ್ ಬಿಡುವವರಿಗೆ ಹೊಳೆದ ಉಪಾಯ ಇಲ್ಲಿನ ಸ್ಪರ್ಧಾ ಸಮಿತಿಗಳಿಗೆ ಹೊಳೆಯಬಾರದೆಂದೇನೂ ಇಲ್ಲ.

ಇಸ್ರೋ ಎಂದಾಗ ಅದಮಾರಿನ ಯು.ಆರ್. ರಾವ್ ಅವರ ಹೆಸರು ಬಾರದೆ ಇರುವುದಿಲ್ಲ. 1932ರಲ್ಲಿ ಅದಮಾರಿನಲ್ಲಿ ಹುಟ್ಟಿ, ಊರಿನಲ್ಲೇ ಪ್ರಾಥಮಿಕ ಕಲಿತು, ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ ಓದಿದವರು. ಪ್ರತಿ ಸಮಾರಂಭದಲ್ಲೂ ಅವರ ಫೋಟೋಕ್ಕೆ ಹಾರ ಬೀಳುತ್ತದೆ. ಆದರೆ ಅವರ ಮುಂದಾಳತ್ವದಲ್ಲಿ ‘ಆರ್ಯಭಟ’ ಉಪಗ್ರಹ ತಯಾರಾದದ್ದು ಹೇಗೆಂದು ಯಾರೂ ಹೇಳುವುದಿಲ್ಲ. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ, ಉಪಗ್ರಹವನ್ನು ಹಿಂದೆಂದೂ ಕಟ್ಟಿರದ ಎಳೆಯ ಎಂಜಿನಿಯರುಗಳ ದೊಡ್ಡ ತಂಡ ಕಟ್ಟಿಕೊಂಡು ಮಾಡಿದ ಕೆಲಸ ಅದು. 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಅದು ಮೇಲೆ ಹಾರಿತು. ಇಬ್ಬರೇ ರ‍್ಯಾಂಕಿನವರು ಮಾಡಿದ ಕೆಲಸ ಅಲ್ಲ.

ಕಡೆಗೆ ಅಂಗಡಿಯವರ ಪಾತ್ರ. ಚಾರ್ಟು, ಬಣ್ಣದ ಕಾಗದ, ಅಂಟು ಮಾರುವವರು ಅವರೇ, ‘ಪ್ರಾಜೆಕ್ಟ್ ಪ್ರಿಂಟ್ ತೆಗೆದುಕೊಡಿ’ ಎಂದು ಬರುವ ತಂದೆತಾಯಿಗಳಿಗೆ ಹತ್ತು ಪುಟ ತೆಗೆದುಕೊಡುವ ಜೆರಾಕ್ಸ್ ಅಂಗಡಿಯವರೂ ಅವರೇ. ಒಂದೇ ಪ್ರಬಂಧ ನಾಲ್ಕು ಶಾಲೆಯ ಹೆಸರಿನಲ್ಲಿ ಹೊರಬಿದ್ದರೆ ಮೊದಲು ಗೊತ್ತಾಗುವುದು ಅವರಿಗೆ, ತೀರ್ಪುಗಾರರಿಗಲ್ಲ. ಬಹುಮಾನದ ಕಪ್ಪಿಗೂ ಊಟದ ಖರ್ಚಿಗೂ ದೇಣಿಗೆ ಕೊಡುವವರೂ ಇವರೇ. ಹಣ ಕೊಟ್ಟವರಿಗೆ ಒಂದು ಮಾತು ಕೇಳುವ ಹಕ್ಕುಂಟು. ಮುಂದಿನ ಸಲ ರಶೀದಿ ಪುಸ್ತಕ ಹಿಡಿದುಕೊಂಡು ಬಂದವರಲ್ಲಿ ತಂಡದಲ್ಲಿ ಎಷ್ಟು ಮಂದಿ, ಯಾವ ಬೆಂಚಿನವರು, ಸಂಜೆ ಯಾವ ಬಸ್ಸಿಗೆ ವಾಪಸು ಎಂದು ವಿಚಾರಿಸಿ, ಆಮೇಲೆ ಗಲ್ಲಾ ಪೆಟ್ಟಿಗೆಗೆ ಕೈ ಹಾಕಬಹುದು.