ಆ್ಯಪ್ ಸವಾರಿ: ಪೆಟ್ಟಾದರೆ ಪರಿಹಾರ ಕೊಡುವವರು ಯಾರು?

ಬೆಂಗಳೂರಿನಲ್ಲಿ ಆ್ಯಪ್‌ನಲ್ಲಿ ಕ್ಯಾಬ್, ಆಟೊ ಇಲ್ಲವೇ ಬೈಕ್ ಬುಕ್ ಮಾಡಿದವರಿಗೆ ಚಾಲಕನ ಹೆಸರು, ಫೋಟೊ, ಗಾಡಿಯ ನಂಬರು, ಸ್ಟಾರ್ ರೇಟಿಂಗ್, ಹೋಗುವ ದಾರಿ, ತಲುಪುವ ಹೊತ್ತು ಎಲ್ಲವೂ ಫೋನಿನಲ್ಲೇ ಕಾಣುತ್ತದೆ. ಆ ಗಾಡಿಗೆ ಯಾವ ಕಂಪನಿಯ ವಿಮೆ ಇದೆ, ಅದರ ಅವಧಿ ಎಂದು ಮುಗಿಯುತ್ತದೆ, ಬಾಡಿಗೆಗೆ ಓಡಿಸಲು ಆ ಪಾಲಿಸಿಯಲ್ಲಿ ಅವಕಾಶ ಇದೆಯೇ ಎಂಬುದು ಮಾತ್ರ ಕಾಣುವುದಿಲ್ಲ. ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ ಪ್ರಯಾಣಿಕರ ಮನೆಯವರು ಮರುದಿನ ಹುಡುಕಬೇಕಾಗುವುದು ಇದೇ ಮಾಹಿತಿಯನ್ನು. ಗಾಡಿಯ ಕಾಗದಪತ್ರ ಹೇಗೇ ಇರಲಿ, ಆ್ಯಪ್‌ನಲ್ಲಿ ಟ್ರಿಪ್ ಶುರುವಾದ ಕ್ಷಣದಿಂದ ಇಳಿಯುವವರೆಗೆ ಪ್ರಯಾಣಿಕರಿಗೆ ವಿಮೆ ಇರಬೇಕು. ಪರಿಹಾರ ಕೊಡುವ ಮೊದಲ ಹೊಣೆ ಆ ಟ್ರಿಪ್ ಕೊಟ್ಟ ಕಂಪನಿಯದ್ದಾಗಬೇಕು. ಇದಕ್ಕೆ ಬೇಕಾದ ಆಧಾರ ನಮ್ಮ ಕಾನೂನಿನಲ್ಲೇ ಚದುರಿಕೊಂಡು ಬಿದ್ದಿದೆ.

ಈಗಿರುವ ವ್ಯವಸ್ಥೆಯನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಪರ್ಮಿಟ್, ಎಫ್‌ಸಿ, ಇನ್ಶೂರೆನ್ಸ್ ಎಲ್ಲ ಸರಿಯಿರುವ ಯೆಲ್ಲೋ ಬೋರ್ಡ್ ಕ್ಯಾಬ್‌ನ ಪ್ರಯಾಣಿಕರಿಗೆ 1988ರ ಮೋಟಾರು ವಾಹನ ಕಾಯ್ದೆ ಗಟ್ಟಿ ರಕ್ಷಣೆಯನ್ನೇ ಕೊಡುತ್ತದೆ. 2022ರಲ್ಲಿ ನಿಗದಿಯಾದ ದರದಂತೆ 1000ದಿಂದ 1500 ಸಿಸಿ ಎಂಜಿನ್ನಿನ ಖಾಸಗಿ ಕಾರಿನ ಥರ್ಡ್ ಪಾರ್ಟಿ ಪ್ರೀಮಿಯಂ ₹3,416. ಅದೇ ಕಾರು ಟ್ಯಾಕ್ಸಿಯಾದರೆ ₹7,940, ಅದರ ಮೇಲೆ ಪ್ರತಿ ಪ್ರಯಾಣಿಕರ ಲೆಕ್ಕದಲ್ಲಿ ₹978. ತಲೆಲೆಕ್ಕದಲ್ಲಿ ಹಣ ಕಟ್ಟಿಸಿಕೊಂಡ ವಿಮಾ ಕಂಪನಿ, ಚಾಲಕನ ತಪ್ಪಿನಿಂದ ಪೆಟ್ಟಾದಾಗ ಆ ಹೊಣೆಯಿಂದ ಜಾರಿಕೊಳ್ಳಲಾರದು. ತಪ್ಪು ಯಾರದೆಂದು ಸಾಬೀತು ಮಾಡದೆಯೂ 164ನೇ ಸೆಕ್ಷನ್ ಅಡಿ ಸಾವಿಗೆ ₹5 ಲಕ್ಷ, ತೀವ್ರ ಗಾಯಕ್ಕೆ ₹2.5 ಲಕ್ಷ ಕೇಳಬಹುದು. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ನಗದುರಹಿತ ಚಿಕಿತ್ಸಾ ಯೋಜನೆ ಅಪಘಾತದ ನಂತರದ ಏಳು ದಿನಗಳಿಗೆ ₹1.5 ಲಕ್ಷದವರೆಗಿನ ಖರ್ಚು ಭರಿಸುತ್ತದೆ. ಆದರೆ ಆ ಏಳು ದಿನ ಕಳೆದ ಮೇಲೆ ಎಲ್ಲವೂ ಒಂದು ಪಾಲಿಸಿಯ ಮೇಲೆ ನಿಂತಿರುತ್ತದೆ. ಆ ಪಾಲಿಸಿ ಇರುವುದು ಗಾಡಿ ಮಾಲೀಕನ ಕೈಯಲ್ಲಿ. ಅದರಲ್ಲೊಂದು ಬಿರುಕಿದ್ದರೂ ಅದರ ಪೆಟ್ಟು ತಿನ್ನುವವರು, ಆ ಕಾಗದವನ್ನು ಎಂದೂ ಕಣ್ಣಿಂದ ನೋಡಿರದ ಪ್ರಯಾಣಿಕರು.

ಬಿರುಕು ಎಷ್ಟು ದೊಡ್ಡದಿರಬಹುದು ಎಂಬುದು ವೈಟ್ ಬೋರ್ಡ್ ಬೈಕಿನ ಹಿಂದೆ ಕೂತವರ ವಿಷಯದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಸಾಮಾನ್ಯ ಬೈಕಿಗೆ, ಅಂದರೆ 75ರಿಂದ 150 ಸಿಸಿಯದಕ್ಕೆ, ಥರ್ಡ್ ಪಾರ್ಟಿ ಪ್ರೀಮಿಯಂ ವರ್ಷಕ್ಕೆ ₹714. ಬರೀ ಈ ಪಾಲಿಸಿ ಇದ್ದರೆ ಹಿಂಬದಿ ಸವಾರರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಪ್ಯಾಕೇಜ್ ಪಾಲಿಸಿ ಇದ್ದರೆ ಹಿಂಬದಿ ಸವಾರರೂ ಅದರೊಳಗೆ ಬರುತ್ತಾರೆ. ಆದರೆ ಅಲ್ಲಿ ಬಾಡಿಗೆಗೆ ಓಡಿಸುವಂತಿಲ್ಲ ಎಂಬ ಷರತ್ತು ಇರುತ್ತದೆ. ಪರ್ಮಿಟ್ ಇಲ್ಲದ ಗಾಡಿಯನ್ನು ಬಾಡಿಗೆಗೆ ಬಳಸಲಾಗಿತ್ತು ಎಂಬ ಆಕ್ಷೇಪ ಎತ್ತಲು ಕಾಯ್ದೆಯೇ ವಿಮಾ ಕಂಪನಿಗೆ ಅವಕಾಶ ಕೊಟ್ಟಿದೆ. ಇಲ್ಲೊಂದು ಕ್ರೂರ ಸಂಗತಿ ಇದೆ. ಅಪಘಾತ ಪರಿಹಾರ ಕೋರುವ ಎಂವಿಸಿ ಕೇಸಿನಲ್ಲಿ ಪ್ರಯಾಣಿಕರು ತಾವು ಆ ಬೈಕಿನಲ್ಲಿದ್ದೆವು ಎಂದು ತೋರಿಸಲು ಯಾವ ಟ್ರಿಪ್ ರಸೀದಿಯನ್ನು ಹಾಜರುಪಡಿಸುತ್ತಾರೋ, ಬೈಕು ಬಾಡಿಗೆಗೆ ಓಡುತ್ತಿತ್ತು ಎನ್ನಲು ಅದೇ ರಸೀದಿ ವಿಮಾ ಕಂಪನಿಗೆ ಸಾಕ್ಷಿಯಾಗುತ್ತದೆ. ಪರ್ಮಿಟ್ ಇಲ್ಲದಿರುವುದು ಮೂಲಭೂತ ಉಲ್ಲಂಘನೆ ಎಂದ ಸುಪ್ರೀಂ ಕೋರ್ಟ್, 2018ರ ಒಂದು ಪ್ರಕರಣದಲ್ಲಿ ವಿಮಾ ಕಂಪನಿ ಮೊದಲು ಪರಿಹಾರ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂಬ ದಾರಿಯನ್ನು ಎತ್ತಿಹಿಡಿದಿದೆ, ನಿಜ. ಬೈಕ್ ಟ್ಯಾಕ್ಸಿಯ ಮಟ್ಟಿಗೆ ಆ ಮಾಲೀಕ ಎಂದರೆ ಸಾಲ ಮಾಡಿ ಗಾಡಿ ಕೊಂಡು ದಿನದ ದುಡಿಮೆಯಲ್ಲಿ ಕಂತು ಕಟ್ಟುವ ಹುಡುಗ. ಅವನ ಮೇಲೆ ಹತ್ತಿಪ್ಪತ್ತು ಲಕ್ಷದ ವಸೂಲಿ ಆದೇಶ ಬಂದರೆ ಎರಡು ಮನೆಗಳು ಒಟ್ಟಿಗೆ ಮುಳುಗುತ್ತವೆ. ಅವನಿಗೆ ಟ್ರಿಪ್ ಕೊಟ್ಟು, ಅದರಿಂದ ಆದಾಯ ಮಾಡಿಕೊಂಡ ಕಂಪನಿಯ ಹೆಸರು ಮಾತ್ರ ಈ ಲೆಕ್ಕದಲ್ಲಿ ಎಲ್ಲೂ ಇಲ್ಲ. 2025ರ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್‌ನ ಏಕಸದಸ್ಯ ಪೀಠ ಬೈಕ್ ಟ್ಯಾಕ್ಸಿ ನಿಲ್ಲಿಸಲು ಆದೇಶಿಸಿ, ಜೂನ್‌ನಲ್ಲಿ ಸೇವೆ ನಿಂತಾಗ ನಡೆದ ಚರ್ಚೆಯೆಲ್ಲ ಪರ್ಮಿಟ್ ಮತ್ತು ಜೀವನೋಪಾಯದ ಸುತ್ತಲೇ ಸುತ್ತಿತು. ಎರಡೂ ಮುಖ್ಯವೇ. ಹಿಂದಿನ ಸೀಟಿನಲ್ಲಿ ಕೂತವರ ಮೂಳೆಯೂ ಅಷ್ಟೇ ಮುಖ್ಯವಾಗಬೇಕಿತ್ತು.

ಕಂಪನಿಗಳು ಮೊದಲಿನಿಂದಲೂ ಹೇಳುತ್ತಾ ಬಂದಿರುವ ಮಾತೊಂದೇ: ನಾವು ತಂತ್ರಜ್ಞಾನ ಒದಗಿಸುವವರು, ಸಾರಿಗೆ ನಮ್ಮ ಕೆಲಸವಲ್ಲ, ಗಾಡಿ ಚಾಲಕನದು, ಹೊಣೆಯೂ ಅವನದೇ. ಈ ವಾದವನ್ನು ಹಗುರವಾಗಿ ತೆಗೆದುಕೊಳ್ಳಲಾಗದು, ಯಾಕೆಂದರೆ ಕಾನೂನಿನ ಅಕ್ಷರ ಸದ್ಯಕ್ಕೆ ಅವರ ಪರವಾಗಿದೆ. 2019ರ ತಿದ್ದುಪಡಿ ‘ಅಗ್ರಿಗೇಟರ್’ ಎಂಬ ವ್ಯಾಖ್ಯೆಯನ್ನು ಕಾಯ್ದೆಗೆ ತಂದಿತು, ಲೈಸೆನ್ಸ್ ಕಡ್ಡಾಯ ಮಾಡಿತು; ಪರಿಹಾರದ ಹೊಣೆ ಹೊರುವ ‘ಮಾಲೀಕ’ನ ವ್ಯಾಖ್ಯೆಯಲ್ಲಿ ಅಗ್ರಿಗೇಟರನ್ನು ಸೇರಿಸಲಿಲ್ಲ. ಆದರೆ ನಮ್ಮ ನ್ಯಾಯಾಲಯಗಳು ಬಹಳ ಹಿಂದೆಯೇ ಆರ್‌ಸಿ ಪುಸ್ತಕದಾಚೆಗೆ ನೋಡಿವೆ. ರಾಜಸ್ಥಾನದ ಸಾರಿಗೆ ನಿಗಮ ಖಾಸಗಿ ಬಸ್ಸೊಂದನ್ನು ಬಾಡಿಗೆಗೆ ಪಡೆದು ಓಡಿಸುತ್ತಿತ್ತು. ಬಸ್ಸು ಖಾಸಗಿಯವರದು, ಚಾಲಕನೂ ಅವರ ಸಂಬಳದವನೇ. ಆದರೂ ಬಸ್ಸು ನಿಗಮದ ಹತೋಟಿಯಲ್ಲಿ, ನಿಗಮ ಹೇಳಿದ ದಾರಿಯಲ್ಲಿ ಓಡುತ್ತಿದ್ದುದರಿಂದ ಅಪಘಾತದ ಪರಿಹಾರಕ್ಕೆ ನಿಗಮವೇ ಹೊಣೆ ಎಂದು ಸುಪ್ರೀಂ ಕೋರ್ಟ್ 1997ರಲ್ಲಿ ತೀರ್ಪು ಕೊಟ್ಟಿತು. ಈ ಅಳತೆಗೋಲನ್ನು ಆ್ಯಪ್‌ಗೆ ಹಿಡಿದು ನೋಡಿ. ಯಾವ ಪ್ರಯಾಣಿಕರು ಯಾವ ಚಾಲಕನಿಗೆ ಎಂದು ನಿರ್ಧರಿಸುವುದು ಆ್ಯಪ್. ಹೆಚ್ಚಿನ ಕ್ಯಾಬ್‌ಗಳಲ್ಲಿ ದರ ಲೆಕ್ಕಹಾಕುವುದೂ ಅದೇ. ರೇಟಿಂಗ್ ಇಳಿದರೆ, ದೂರು ಬಂದರೆ ಚಾಲಕನ ಐಡಿ ಬ್ಲಾಕ್ ಮಾಡುವುದೂ ಅದೇ. ಇದು ಹತೋಟಿಯಲ್ಲದಿದ್ದರೆ ಇನ್ಯಾವುದು ಹತೋಟಿ?

ತೆರಿಗೆಯ ಕಡೆಯಿಂದ ನೋಡಿದರೂ ಉತ್ತರ ಇದೇ. ಜಿಎಸ್‌ಟಿ ಕಾಯ್ದೆಯ 9(5) ಸೆಕ್ಷನ್, ಆ್ಯಪ್ ಮೂಲಕ ನಡೆಯುವ ಪ್ರಯಾಣಿಕ ಸಾರಿಗೆಗೆ ಆ ವೇದಿಕೆಯನ್ನೇ ಸೇವೆ ಕೊಟ್ಟವರೆಂದು ಭಾವಿಸಿ ತೆರಿಗೆ ವಸೂಲಿ ಮಾಡುತ್ತದೆ. ಸರ್ಕಾರದ ಬೊಕ್ಕಸದ ಮುಂದೆ ಸಾರಿಗೆ ಸೇವೆ ಕೊಟ್ಟವರಾಗಿ ನಿಲ್ಲುವ ಕಂಪನಿ, ಗಾಯಗೊಂಡವರ ಮುಂದೆ ಬರೀ ಮಧ್ಯವರ್ತಿಯಾಗಿ ನಿಲ್ಲುವುದನ್ನು ಒಪ್ಪಲು ಸಾಧ್ಯವಿಲ್ಲ. 2017ರಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯವೂ ಉಬರ್ ಕೊಡುವುದು ಸಾರಿಗೆ ಕ್ಷೇತ್ರದ ಸೇವೆ ಎಂದೇ ಹೇಳಿತು. ನಮ್ಮಲ್ಲಿ, ಮಹಿಳಾ ಪ್ರಯಾಣಿಕರೊಬ್ಬರು ಚಾಲಕನ ವಿರುದ್ಧ ಕೊಟ್ಟ ಲೈಂಗಿಕ ಕಿರುಕುಳದ ದೂರಿನ ವಿಚಾರದಲ್ಲಿ ಕರ್ನಾಟಕ ಹೈಕೋರ್ಟ್‌ನ ಏಕಸದಸ್ಯ ಪೀಠ 2024ರ ಸೆಪ್ಟೆಂಬರ್‌ನಲ್ಲಿ ಕ್ಯಾಬ್ ಕಂಪನಿಯ ಮಧ್ಯವರ್ತಿ ವಾದವನ್ನು ಒಪ್ಪಲಿಲ್ಲ. ಬಳಿಕ ವಿಭಾಗೀಯ ಪೀಠ ಆ ಆದೇಶಕ್ಕೆ ತಡೆ ನೀಡಿತು. ಪ್ರತಿ ಸಂತ್ರಸ್ತರೂ ಮೊದಲಿನಿಂದ ಹೀಗೆ ಹೋರಾಡುತ್ತಾ ಹೋಗುವುದು ನ್ಯಾಯದ ದಾರಿಯಲ್ಲ. ಅಪಘಾತದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ನಿಯಮವೂ 2022ರಲ್ಲಿ ಜಾರಿಗೆ ಬಂದಿತು. ಅದನ್ನು ಸುಪ್ರೀಂ ಕೋರ್ಟ್‌ನಲ್ಲಿ ಪ್ರಶ್ನಿಸಲಾಗಿದೆಯಾದರೂ, ಹಾಸಿಗೆಯಲ್ಲಿರುವವರಿಗೆ ಹೊಣೆಗಾರರನ್ನು ಹುಡುಕುತ್ತಾ ಅಲೆಯುವ ಪುರುಸೊತ್ತು ಎಲ್ಲಿದೆ?

ದರ ಏರುತ್ತದೆ, ಬಡ ಪ್ರಯಾಣಿಕರಿಗೇ ಹೊರೆ ಎಂಬ ಆಕ್ಷೇಪಕ್ಕೆ ಉತ್ತರ ನಮ್ಮ ಕೆಂಪು ಬಸ್ಸಿನಲ್ಲೇ ಇದೆ. ಕೆಎಸ್‌ಆರ್‌ಟಿಸಿ ₹50ರಿಂದ ₹99ರವರೆಗಿನ ಟಿಕೆಟ್‌ಗೆ ₹1, ₹100 ಮತ್ತು ಅದಕ್ಕೂ ಹೆಚ್ಚಿನ ಟಿಕೆಟ್‌ಗೆ ₹2 ಸೇರಿಸಿ ಅಪಘಾತ ಪರಿಹಾರ ನಿಧಿಗೆ ಹಾಕುತ್ತದೆ. 2024ರ ಜನವರಿಯಿಂದ, ಅಪಘಾತದಲ್ಲಿ ಪ್ರಯಾಣಿಕರು ಮೃತಪಟ್ಟರೆ ಆ ನಿಧಿಯಿಂದ ಕೊಡುವ ಮೊತ್ತವನ್ನು ₹3 ಲಕ್ಷದಿಂದ ₹10 ಲಕ್ಷಕ್ಕೆ ಏರಿಸಲಾಗಿದೆ. ಬೈಕಿನ ಅಪಾಯ ಬಸ್ಸಿನದಕ್ಕಿಂತ ಬಹಳ ಹೆಚ್ಚು, ಹಾಗಾಗಿ ಪ್ರೀಮಿಯಂ ಕೂಡ ಹೆಚ್ಚೇ ಆಗುತ್ತದೆ ಎಂಬುದನ್ನು ಮುಚ್ಚಿಡಬೇಕಿಲ್ಲ. ಆದರೆ ದಿನಕ್ಕೆ ಲಕ್ಷಗಟ್ಟಲೆ ಟ್ರಿಪ್‌ಗಳ ಮೇಲೆ ಹಂಚಿದಾಗ ಅದು ಪ್ರಯಾಣಿಕರನ್ನು ಗಾಡಿಯಿಂದ ಇಳಿಸುವಷ್ಟು ದೊಡ್ಡದಾಗದು. ಪ್ರತಿ ಟ್ರಿಪ್‌ನಿಂದಲೂ ಹಣ ಹಿಡಿಯುವುದು ಕಷ್ಟವೇ? ಗಿಗ್ ಕಾರ್ಮಿಕರ ಕಲ್ಯಾಣಕ್ಕೆ ಕರ್ನಾಟಕ 2025ರಲ್ಲಿ ಮಾಡಿದ ಕಾನೂನು, ಕಾರ್ಮಿಕರಿಗೆ ಸಲ್ಲುವ ಮೊತ್ತದ ಮೇಲೆ ಶೇ 1ರಿಂದ 5ರಷ್ಟು ಶುಲ್ಕವನ್ನು ವಹಿವಾಟು ನಡೆದಂತೆಯೇ ಕಂಪನಿಗಳಿಂದ ಪಡೆಯುವ ದಾರಿ ತೋರಿಸಿದೆ. ಪ್ರಯಾಣಿಕರ ವಿಮೆಗೂ ಅದೇ ದಾರಿ ಸಾಕು. ಒಂದು ಎಚ್ಚರ ಬೇಕು: ಈ ಹಣ ಚಾಲಕನ ಪಾಲಿನಿಂದ ಕಡಿತವಾಗಬಾರದು. ಡೀಸೆಲ್, ಕಂತು, ಟ್ಯಾಕ್ಸ್ ಕಳೆದು ಉಳಿಯುವುದರಲ್ಲಿ ಮನೆ ನಡೆಸುವವರ ಮೇಲೆ ಇನ್ನೊಂದು ಭಾರ ಹೇರಿದರೆ, ಉಳಿಸಲು ಅವರು ಬಿಡುವುದು ಟೈರು, ಬ್ರೇಕಿನ ಖರ್ಚನ್ನೇ.

ಹೆಚ್ಚು ತೂಕದ ಆಕ್ಷೇಪ ಬೇರೊಂದಿದೆ. ನಮ್ಮ ಯಾತ್ರಿಯಂತಹ ವೇದಿಕೆಗಳು ಕಮಿಷನ್ ತೆಗೆದುಕೊಳ್ಳದೆ ಚಾಲಕರಿಂದ ಸಣ್ಣ ಚಂದಾ ಮಾತ್ರ ಪಡೆಯುತ್ತವೆ. ದೊಡ್ಡ ಕಂಪನಿಗಳೂ ಈಗ ಅದೇ ದಾರಿ ಹಿಡಿದಿವೆ. ದರದಲ್ಲಿ ಪಾಲಿಲ್ಲದವರ ಮೇಲೆ ಇಡೀ ಪರಿಹಾರದ ಹೊಣೆ ಹೊರಿಸುವುದು ಸರಿಯೇ? ಹತೋಟಿ ಕಡಿಮೆ ಇದ್ದಷ್ಟು ಹೊಣೆಯೂ ಕಡಿಮೆಯಾಗಲಿ ಎಂಬುದರಲ್ಲಿ ನ್ಯಾಯವಿದೆ. ಆದರೆ ಟ್ರಿಪ್ ವಿಮೆ ಮತ್ತು ದಾಖಲೆ ಪರಿಶೀಲನೆ, ಈ ಎರಡರಿಂದ ಯಾರಿಗೂ ವಿನಾಯಿತಿ ಇರಬಾರದು. ಚಾಲಕನ ಡಿಎಲ್, ವಿಮೆ, ಎಫ್‌ಸಿ ಎಲ್ಲವನ್ನೂ ಅಪ್‌ಲೋಡ್ ಮಾಡಿಸಿಕೊಂಡು ಐಡಿ ಕೊಡುವುದು ವೇದಿಕೆಯೇ. ವಿಮೆಯ ಅವಧಿ ಮುಗಿದ ರಾತ್ರಿ ಟ್ರಿಪ್ ಕೊಡುವುದನ್ನು ತಾನಾಗಿ ನಿಲ್ಲಿಸಲು ಅದಕ್ಕೆ ಸಾಧ್ಯ. ಮಳೆಯಲ್ಲಿ ರಸ್ತೆ ಬದಿ ನಿಂತ ಪ್ರಯಾಣಿಕರಿಗೆ ಅದು ಸಾಧ್ಯವಿಲ್ಲ. ಪರಿಶೀಲಿಸುವ ಶಕ್ತಿ ಯಾರಿಗಿದೆಯೋ, ಪರಿಶೀಲಿಸದ್ದರ ನಷ್ಟವೂ ಅವರದಾಗಬೇಕು.

ಇದು ಬೇರೆ ಕಡೆ ಆಗಿರುವ ಕೆಲಸವೇ. 2013ರ ಡಿಸೆಂಬರ್ 31ರ ರಾತ್ರಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ, ಆ್ಯಪ್ ಆನ್ ಮಾಡಿಕೊಂಡು ಬಾಡಿಗೆಗೆ ಕಾಯುತ್ತಿದ್ದ ಕಾರು ಬಡಿದು ಆರು ವರ್ಷದ ಬಾಲಕಿ ಮೃತಪಟ್ಟಳು. ಕಾರಿನಲ್ಲಿ ಪ್ರಯಾಣಿಕರಿರಲಿಲ್ಲ, ಹಾಗಾಗಿ ಹೊಣೆ ನಮ್ಮದಲ್ಲ ಎಂದಿತು ಕಂಪನಿ. ಮರುವರ್ಷವೇ ಕ್ಯಾಲಿಫೋರ್ನಿಯಾ ಕಾನೂನು ಮಾಡಿ, ಆ್ಯಪ್ ಆನ್ ಆದಾಗಿನಿಂದ ಪ್ರಯಾಣಿಕರು ಇಳಿಯುವವರೆಗೆ ಯಾವ ಹಂತದಲ್ಲಿ ಎಷ್ಟು ವಿಮೆ ಎಂದು ಗೆರೆ ಎಳೆಯಿತು; ಟ್ರಿಪ್ ಒಪ್ಪಿದ ಮೇಲೆ ಹತ್ತು ಲಕ್ಷ ಡಾಲರ್. ನಮ್ಮಲ್ಲಿ ಕೇಂದ್ರದ 2020ರ ಮಾರ್ಗಸೂಚಿ ಚಾಲಕರಿಗೆ ₹5 ಲಕ್ಷದ ಆರೋಗ್ಯ ವಿಮೆ, ₹10 ಲಕ್ಷದ ಟರ್ಮ್ ವಿಮೆ ಇರಬೇಕೆಂದಿತು. ಅದು ಬರೀ ಮಾರ್ಗಸೂಚಿಯಾಗಿತ್ತು. ಲೈಸೆನ್ಸ್ ಕೊಡುವುದು ರಾಜ್ಯದ ಕೆಲಸ. ಕರ್ನಾಟಕದ ಅಗ್ರಿಗೇಟರ್ ನಿಯಮಗಳು 2016ರವು, ಕಾಯ್ದೆಯಲ್ಲಿ ಆ ವ್ಯಾಖ್ಯೆ ಬರುವ ಮುಂಚಿನವು. ಅವುಗಳನ್ನು ತಿದ್ದುವಾಗ ಸಾರಿಗೆ ಇಲಾಖೆ ಲೈಸೆನ್ಸಿನ ಷರತ್ತಾಗಿಯೇ ಇಷ್ಟನ್ನು ಬರೆಯಲಿ: ಪ್ರತಿ ಟ್ರಿಪ್‌ಗೆ ಪ್ರಯಾಣಿಕರ ವಿಮೆ ಕಡ್ಡಾಯ, ಪಾಲಿಸಿ ಸಂಖ್ಯೆ ರಸೀದಿಯಲ್ಲೇ ಮುದ್ರಿತ, ಅಪಘಾತವಾದರೆ ಟ್ರಿಪ್ ದಾಖಲೆಯನ್ನು ಕಂಪನಿ ತಾನಾಗಿ ಪೊಲೀಸರಿಗೂ ಕುಟುಂಬಕ್ಕೂ ಕೊಡಬೇಕು, ಗಾಡಿಯ ಪಾಲಿಸಿ ಕೈಕೊಟ್ಟಲ್ಲಿ ನ್ಯಾಯಮಂಡಳಿ ಹೇಳಿದ ಪರಿಹಾರವನ್ನು ಕಂಪನಿಯೇ ಮೊದಲು ಕಟ್ಟಿ, ವಸೂಲಿಯ ಜಗಳವನ್ನು ಆಮೇಲೆ ವಿಮಾ ಕಂಪನಿಯೊಂದಿಗೆ ಆಡಿಕೊಳ್ಳಬೇಕು.