ಪಂಪ್ ಸುಳ್ಳು ಹೇಳುವುದಿಲ್ಲವೇ?

"ಪಂಪ್ ಸರಿಯಾಗಿದೆ, ಎಕ್ಸ್‌ರೇ ಸರಿಯಾಗಿದೆ. ಡೋಸ್ ಸ್ವಲ್ಪ ಹೆಚ್ಚಿಸೋಣ." ಕಾಲು ಮತ್ತೆ ಸೆಟೆದುಕೊಳ್ಳುತ್ತಿದೆ ಎಂದು ಗೋಗರೆಯುವ ರೋಗಿಗೆ ಸಿಗುವ ಈ ಉತ್ತರ ಮೇಲ್ನೋಟಕ್ಕೆ ವೈಜ್ಞಾನಿಕವಾಗಿ ಕಾಣುತ್ತದೆ. ಆದರೆ ಅದು ವಿಜ್ಞಾನವಲ್ಲ, ಯಂತ್ರದ ಮೇಲಿನ ಕುರುಡು ನಂಬಿಕೆ.

ಬೆನ್ನುಹುರಿಗೆ ಪೆಟ್ಟಾದವರಿಗೆ, ಸೆರೆಬ್ರಲ್ ಪಾಲ್ಸಿಯ ಮಕ್ಕಳಿಗೆ ಬ್ಯಾಕ್ಲೋಫೆನ್ ಮಾತ್ರೆ ಸಾಲದಾದಾಗ ಹೊಟ್ಟೆಯ ಚರ್ಮದಡಿ ಪಂಪ್ ಇರಿಸಿ, ಸಪೂರ ಕೊಳವೆಯ ಮೂಲಕ ಔಷಧವನ್ನು ನೇರವಾಗಿ ಬೆನ್ನುಹುರಿಯ ದ್ರವಕ್ಕೆ ಹನಿಸುತ್ತಾರೆ. ಅಮೆರಿಕ 1992ರಲ್ಲಿ ಈ ಚಿಕಿತ್ಸೆಗೆ ಅನುಮತಿ ನೀಡಿತು. ಅನೇಕರ ಪಾಲಿಗೆ ಇದು ವರದಾನವೇ ಸರಿ. ಆದರೆ ಹನಿ ಹಠಾತ್ತನೆ ನಿಂತರೆ ವಿಪರೀತ ಜ್ವರ, ಮತಿಭ್ರಮಣೆ, ಮೊದಲಿಗಿಂತ ಭೀಕರ ಸೆಡೆತ. ಸ್ನಾಯುಗಳು ನಾಶವಾಗಿ ಸಾವೂ ಸಂಭವಿಸಬಹುದು.

ಅಷ್ಟಕ್ಕೂ ಪಂಪ್ ಹೇಳುವುದೇನು? ತನಗೆ ಎಷ್ಟು ಹನಿಸಲು ಆದೇಶವಿದೆ ಎಂಬ ಲೆಕ್ಕ. ಆ ಔಷಧ ಎಲ್ಲಿಗೆ ತಲುಪಿತು ಎಂಬುದು ಅದಕ್ಕೆ ತಿಳಿಯದು. ಕೂದಲೆಳೆಯಷ್ಟು ಸೀಳಿದ ಕೊಳವೆ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. ಹೀಗಿರುವಾಗ ಡೋಸ್ ಹೆಚ್ಚಿಸುವುದೆಂದರೆ, ಕಟ್ಟಿಕೊಂಡ ಕೊಳವೆ ಮುಂದೊಂದು ದಿನ ತೆರೆದುಕೊಂಡಾಗ ಮಿತಿಮೀರಿದ ಔಷಧ ಒಳಹೋಗಲು ದಾರಿ ಮಾಡಿಕೊಟ್ಟಂತೆ.

ಇಲ್ಲಿ ನೆರವಿಗೆ ಬರುವುದು ಅಣು ಚಿತ್ರಣ. ಇಂಡಿಯಂ-111 ಎಂಬ ವಿಕಿರಣಶೀಲ ಧಾತುವನ್ನು ಅತ್ಯಲ್ಪ ಪ್ರಮಾಣದಲ್ಲಿ ಪಂಪ್‌ನ ಸಂಗ್ರಹಕ್ಕೇ ಸೇರಿಸಿ, ಎರಡು ಮೂರು ದಿನ ಗಾಮಾ ಕ್ಯಾಮೆರಾದಿಂದ ಹಿಂಬಾಲಿಸುತ್ತಾರೆ. ಬೆನ್ನುಹುರಿಯ ದ್ರವದಲ್ಲಿ ಮೇಲೇರಿ ತಲೆಯತ್ತ ಸಾಗಿದರೆ ದಾರಿ ಸರಿಯಿದೆ. ಬೆನ್ನಿನ ಒಂದೆಡೆ ಮಡುಗಟ್ಟಿದರೆ ಸೋರಿಕೆ. ಪಂಪ್ ಬಿಟ್ಟು ಕದಲದಿದ್ದರೆ ಪಂಪ್ ನಿಂತಿದೆ ಅಥವಾ ಕೊಳವೆ ಕಟ್ಟಿದೆ. ಟೆಕ್ನೀಷಿಯಂನ ಅರ್ಧಾಯುಷ್ಯ ಆರೇ ಗಂಟೆ, ಇಷ್ಟು ನಿಧಾನದ ಪಯಣಕ್ಕೆ ಅದು ಸಾಲದು. ಇಂಡಿಯಂನದು 2.8 ದಿನ. ಇದಕ್ಕಾಗಿ ರೋಗಿಯ ಬೆನ್ನನ್ನು ಕೊಯ್ಯಬೇಕಿಲ್ಲ.

'ಅಣು' ಎಂದೊಡನೆ ನಮಗೆ ಹಿರೋಶಿಮಾ ನೆನಪಾಗುವುದು ಸಹಜ. ಆದರೆ ಆ ಹೆದರಿಕೆಯನ್ನು ಹೋಗಲಾಡಿಸಬೇಕಾದ ವೈದ್ಯರೇ ಅದರ ಹಿಂದೆ ಅವಿತುಕೊಂಡರೆ? ಬಣ್ಣದ್ರವ ಹಾಕಿ ಸಿಟಿ ತೆಗೆದರೆ ಬೇಗ ಮುಗಿಯುತ್ತದಲ್ಲ ಎನ್ನುವವರಿದ್ದಾರೆ. ನಿಜ, ಅನೇಕ ಕಡೆ ಅದೇ ಸಾಕು. ಆದರೆ ಅಲ್ಲಿ ದ್ರವವನ್ನು ತಳ್ಳುವುದು ವೈದ್ಯರ ಕೈ, ಪಂಪ್ ಅಲ್ಲ. ಕೊಳವೆಯಿಂದ ದ್ರವ ಹಿಂದೆ ಸೆಳೆಯಲಾಗದಿದ್ದರೆ ಬಣ್ಣ ಹಾಕುವಂತೆಯೂ ಇಲ್ಲ; ಒಳಗುಳಿದ ಔಷಧ ಒಮ್ಮೆಲೇ ನುಗ್ಗುವ ಅಪಾಯವಿದೆ.

ಹಾಗೆಂದು ಅಣು ಚಿತ್ರಣ ಸರ್ವಜ್ಞನೂ ಅಲ್ಲ. ಬಂದು ಹೋಗುವ ದೋಷ ಅದರ ಕಣ್ಣನ್ನೂ ತಪ್ಪಿಸಬಹುದು. ರೋಗಿ ಜ್ವರದಿಂದ ಬೇಯುತ್ತಿರುವಾಗ ಮೂರು ದಿನ ಚಿತ್ರ ತೆಗೆಯುತ್ತಾ ಕೂರುವುದು ಅಪರಾಧ. ಆಗ ಮೊದಲು ಔಷಧ, ಆಮೇಲೆ ತಪಾಸಣೆ.

ಯಂತ್ರವೇ ತಪ್ಪಬಹುದೆಂಬುದು ಬರೀ ಊಹೆಯಲ್ಲ. 2015ರ ಏಪ್ರಿಲ್‌ನಲ್ಲಿ ಅಮೆರಿಕ ಸರಕಾರ ಪಂಪ್ ತಯಾರಕ ಮೆಡ್‌ಟ್ರಾನಿಕ್ ಕಂಪೆನಿಯ ವಿರುದ್ಧ, ಸಿಂಕ್ರೋಮೆಡ್-2ರ ಗುಣಮಟ್ಟದ ವಿಷಯವಾಗಿ ನ್ಯಾಯಾಲಯದ ಮೆಟ್ಟಿಲೇರಿತು. ಕಂಪೆನಿ ನಿರ್ಬಂಧಗಳಿಗೆ ಒಪ್ಪಿಕೊಂಡಿತು. ಆದ್ದರಿಂದ ಕಾಲು ಸೆಟೆಯುತ್ತಿದೆ ಎನ್ನುವವನ ಡೋಸ್ ಏರಿಸುವ ಮೊದಲು, ಈಗಿನ ಡೋಸ್ ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ವೈದ್ಯರು ತೋರಿಸಲಿ.