ಪಾಸ್‌ಬುಕ್ ನೋಡಿ ಚೆಕ್ ಪಾಸ್ ಮಾಡಬೇಡಿ

ಪ್ರೋಗ್ರಾಂ ಬರೆಯುವ ಹುಡುಗರ ಕೆಲಸದಲ್ಲಿ ಮೂಗು ತೂರಿಸುತ್ತಿದ್ದೇನೆ ಅಂತ ಮೊದಲೇ ಹೇಳಿಬಿಡುತ್ತೇನೆ. ಓದಿದ್ದು ಬಿ.ಕಾಂ., ಮಾಡುತ್ತಿರುವುದು ಬ್ಯಾಂಕಿನ ಕೆಲಸ. ಆದರೆ ಈ ಒಂದು ವಿಷಯದಲ್ಲಿ ಮೂಗು ತೂರಿಸುವ ಹಕ್ಕು ನಮಗಿದೆ. ಹಕ್ಕು ಮಾತ್ರವಲ್ಲ, ಸುಮ್ಮನೆ ಕೂತರೆ ತಪ್ಪು ನಮ್ಮದೇ ಅನ್ನುವುದು ನನ್ನ ವಾದ.

ವಿಷಯ ಇಷ್ಟೇ. ಡೇಟಾಬೇಸಿನಿಂದ ಓದುವಾಗ ಯಾವ ಪ್ರತಿಯಿಂದ ಓದಬೇಕು? ಬರೆಯುವಾಗ ಎಷ್ಟು ಪ್ರತಿಗಳಲ್ಲಿ ಬರೆದಾದ ಮೇಲೆ "ಆಯ್ತು" ಅನ್ನಬೇಕು? ಹಿಂದೆ ಪ್ರೋಗ್ರಾಮರು ಎಸ್‌ಕ್ಯುಎಲ್ ವಾಕ್ಯವನ್ನು ಕೈಯಾರೆ ಬರೆಯುತ್ತಿದ್ದರು. ಈಗ ಬಹಳಷ್ಟು ಕಡೆ ಕ್ವೆರಿ ಬಿಲ್ಡರ್ ಅನ್ನುವ ಲೈಬ್ರರಿ ಇರುತ್ತದೆ. ಯಾವ ಟೇಬಲ್ಲು, ಯಾವ ಷರತ್ತು, ಯಾವ ಕ್ರಮ ಅಂತ ಮಣಿ ಪೋಣಿಸಿದ ಹಾಗೆ ಹೇಳುತ್ತಾ ಹೋದರೆ ಅದೇ ವಾಕ್ಯ ಕಟ್ಟಿಕೊಡುತ್ತದೆ. ಎಲ್ಲಿಂದ ಓದು, ಹೇಗೆ ಬರೆ ಅನ್ನುವುದೂ ಆ ಮಾಲೆಯಲ್ಲಿ ಒಂದು ಮಣಿ, ಅಥವಾ ಕಾನ್ಫಿಗ್ ಫೈಲಿನಲ್ಲಿ ಒಂದು ಸಾಲು. ಆ ಒಂದು ಸಾಲನ್ನು ತೀರ್ಮಾನಿಸುವವರು ಯಾರು? ನಾನು ಕಂಡ ಮಟ್ಟಿಗೆ, ಆ ದಿನ ಯಾರು ಕೀಬೋರ್ಡಿನ ಮುಂದೆ ಕೂತಿದ್ದಾರೋ ಅವರು!

ಪ್ರತಿಗಳು ಯಾಕೆ ಬೇಕು ಅನ್ನುವುದು ಬ್ಯಾಂಕಿನವರಿಗೆ ಹೇಳಿಕೊಡಬೇಕಿಲ್ಲ. ದುಡ್ಡು ಹಾಕುವವರು, ತೆಗೆಯುವವರು ಒಂದು ಪಾಲಾದರೆ, "ಎಷ್ಟಿದೆ ನೋಡಿ" ಅನ್ನುವವರು ಹತ್ತು ಪಾಲು. ಯುಪಿಐನಲ್ಲಿ ಈ "ಎಷ್ಟಿದೆ" ಅನ್ನುವ ಹೊರೆ ಎಷ್ಟಾಯಿತೆಂದರೆ, 2025ರ ಆಗಸ್ಟ್‌ನಿಂದ ಒಂದು ಆ್ಯಪಿನಲ್ಲಿ ದಿನಕ್ಕೆ 50 ಸಲಕ್ಕಿಂತ ಹೆಚ್ಚು ಬ್ಯಾಲೆನ್ಸ್ ನೋಡುವಂತಿಲ್ಲ ಅಂತ ಎನ್‌ಪಿಸಿಐ ಮಿತಿ ಹಾಕಬೇಕಾಯಿತು. (ಐವತ್ತು ಸಲ ನೋಡಿದರೂ ಬ್ಯಾಲೆನ್ಸ್ ಬೆಳೆಯುವುದಿಲ್ಲ, ಅದು ಬೇರೆ ಮಾತು!) ಹಾಗಾಗಿ ಬರೆಯಲು ಒಂದು ಮುಖ್ಯ ಸರ್ವರ್, ಅದನ್ನು ನೋಡಿ ನಕಲು ಮಾಡಿಕೊಳ್ಳುವ ಒಂದೆರಡು ಪ್ರತಿಗಳು, ಓದುವವರನ್ನೆಲ್ಲ ಆ ಪ್ರತಿಗಳ ಕಡೆ ಕಳಿಸುವುದು. ಒಳ್ಳೆಯ ಏರ್ಪಾಡೇ. ಆದರೆ ಮೈ-ಎಸ್‌ಕ್ಯುಎಲ್ ಆಗಲಿ ಪೋಸ್ಟ್‌ಗ್ರೆಸ್ ಆಗಲಿ, ನೀವು ಬೇರೆ ಹೇಳದಿದ್ದರೆ ಈ ನಕಲು ನಡೆಯುವುದು ಹಿಂದಿನಿಂದ, ಪುರುಸೊತ್ತಿನಲ್ಲಿ. ಮುಖ್ಯ ಸರ್ವರ್ "ಆಯ್ತು" ಅಂದಾಗ ಪ್ರತಿಗಳಿಗೆ ಸುದ್ದಿ ಮುಟ್ಟಿರಲೇಬೇಕು ಅಂತಿಲ್ಲ.

ಕಂಪ್ಯೂಟರ್ ಬರುವ ಮುಂಚಿನ ಬ್ರಾಂಚ್ ನೆನಪಿದೆಯೇ? ಹಿತ್ತಾಳೆ ಟೋಕನ್ ಕೈಯಲ್ಲಿ ಹಿಡಿದು ಬೆಂಚಿನ ಮೇಲೆ ಕೂತಿರುತ್ತಿದ್ದರಲ್ಲ, ಆ ಕಾಲ. ಚೆಕ್ ಒಳಗೆ ಹೋದ ಮೇಲೆ ಲೆಡ್ಜರ್ ಬರುತ್ತಿತ್ತು, ಪೋಸ್ಟಿಂಗ್ ಆಗುತ್ತಿತ್ತು, ಸಹಿ ತಾಳೆ ನೋಡಿ ಆಫೀಸರು ಇನಿಷಿಯಲ್ ಹಾಕುತ್ತಿದ್ದರು, ಆಮೇಲೆ ಕ್ಯಾಶ್ ಕೌಂಟರ್. ಗಿರಾಕಿ ಕೈಯಲ್ಲಿ ಪಾಸ್‌ಬುಕ್ ಇರುತ್ತಿತ್ತು, ಅದರಲ್ಲಿ ಬ್ಯಾಂಕಿನವರೇ ಬರೆದ ಬಾಕಿಯೂ ಇರುತ್ತಿತ್ತು. ಹಾಗಂತ ಪಾಸ್‌ಬುಕ್ ನೋಡಿ ಚೆಕ್ ಪಾಸ್ ಮಾಡಿದ ಆಫೀಸರು ಯಾರಾದರೂ ಇದ್ದರೇ? ಪಾಸ್‌ಬುಕ್ ಸುಳ್ಳಲ್ಲ. ಅದನ್ನು ಬರೆದ ಹೊತ್ತಿಗೆ ಅದು ನಿಜವೇ. ಆದರೆ ಅದು ಪ್ರತಿ. ದುಡ್ಡು ಕೈ ಬದಲಾಗುವಾಗ ನೋಡಬೇಕಾದ್ದು ಲೆಡ್ಜರ್, ಅದೂ ಆಗ ತಾನೇ ತೆರೆದ ಲೆಡ್ಜರ್. ಈ ನಿಯಮವನ್ನು ಯಾವ ಗುಮಾಸ್ತನೂ ಕೌಂಟರಿನಲ್ಲಿ ಕೂತು ತನಗೆ ತೋಚಿದಂತೆ ಮಾಡಿಕೊಂಡದ್ದಲ್ಲ. ಅದು ಬ್ಯಾಂಕಿನ ನಿಯಮ.

ಈಗ ಒಂದು ನಿಜವಾದ ಲೈಬ್ರರಿ ತೆಗೆದುಕೊಳ್ಳೋಣ. ಪಿಎಚ್‌ಪಿಯಲ್ಲಿ ಕೆಲಸ ಮಾಡುವವರಿಗೆ ಲಾರಾವೆಲ್ ಗೊತ್ತಿರುತ್ತದೆ. ಅದರ ಕಾನ್ಫಿಗ್‌ನಲ್ಲಿ "ರೀಡ್" ಅಂತ ಒಂದಿಷ್ಟು ಸರ್ವರ್, "ರೈಟ್" ಅಂತ ಒಂದು ಸರ್ವರ್ ಕೊಟ್ಟರೆ, ಸೆಲೆಕ್ಟ್‌ಗಳು ಅತ್ತ, ಇನ್ಸರ್ಟ್-ಅಪ್‌ಡೇಟ್‌ಗಳು ಇತ್ತ ತಾವೇ ಹೋಗುತ್ತವೆ. ಜೊತೆಗೆ "ಸ್ಟಿಕಿ" ಅಂತ ಒಂದು ಆಪ್ಷನ್ ಇದೆ. ಅದನ್ನು ಹಾಕಿದರೆ, ಒಂದು ರಿಕ್ವೆಸ್ಟಿನಲ್ಲಿ ಏನಾದರೂ ಬರೆದ ಮೇಲೆ ಅದೇ ರಿಕ್ವೆಸ್ಟಿನ ಮುಂದಿನ ಓದುಗಳೂ ಮುಖ್ಯ ಸರ್ವರಿಗೇ ಅಂಟಿಕೊಳ್ಳುತ್ತವೆ. ಟ್ರಾನ್ಸಾಕ್ಷನ್ ಶುರು ಮಾಡಿದ್ದರೆ ಒಳಗಿನ ಓದುಗಳು ಹೇಗೂ ಮುಖ್ಯ ಸರ್ವರಿನಿಂದಲೇ. ಓದುವಾಗಲೇ ಸಾಲಿಗೆ ಬೀಗ ಹಾಕಿ ಅಂದರೂ ಅಲ್ಲಿಂದಲೇ. ಇಷ್ಟೂ ಬೇಡ, ಈ ಒಂದು ಪ್ರಶ್ನೆಗೆ ಮಾತ್ರ ಮುಖ್ಯ ಸರ್ವರಿನ ಉತ್ತರ ಬೇಕು ಅಂದರೆ "ಯೂಸ್ ರೈಟ್ ಪಿಡಿಓ" ಅಂತ ಬಿಲ್ಡರಿನಲ್ಲಿ ಒಂದು ಮಣಿ ಸೇರಿಸಬಹುದು. ಲೈಬ್ರರಿ ಮಾಡಿದವರು ತಮ್ಮ ಕೆಲಸ ಚೆನ್ನಾಗಿಯೇ ಮಾಡಿದ್ದಾರೆ, ಅವರನ್ನು ದೂರುವಂತಿಲ್ಲ.

ತೊಡಕಿರುವುದು "ಅದೇ ರಿಕ್ವೆಸ್ಟಿನ" ಅನ್ನುವ ಮಾತಿನಲ್ಲಿ. ಫಾರಂ ತುಂಬಿ "ಸೇವ್" ಒತ್ತಿದರೆ ಬಹಳಷ್ಟು ತಂತ್ರಾಂಶಗಳು ಬರೆದು ಮುಗಿಸಿ ನಿಮ್ಮನ್ನು ಬೇರೆ ಪುಟಕ್ಕೆ ಕಳಿಸುತ್ತವೆ. ಆ ಪುಟ ಹೊಸ ರಿಕ್ವೆಸ್ಟು. ಅಂಟು ಹೋಯಿತು! ಓದು ಮತ್ತೆ ಪ್ರತಿಯಿಂದ.

ಕೆಲವು ವರ್ಷಗಳ ಹಿಂದೆ ಒಂದು ಕಡೆ (ಹೆಸರು ಬೇಡ ಬಿಡಿ) ಲಾಕರ್ ಬಾಡಿಗೆ ವಸೂಲಿಯ ಹೊಸ ತಂತ್ರಾಂಶ ಪರೀಕ್ಷಿಸುವ ಕೆಲಸ ನನ್ನ ಕೊರಳಿಗೆ ಬಿತ್ತು. ಬಾಡಿಗೆ ಜಮಾ ಮಾಡಿ ಸೇವ್ ಒತ್ತಿದರೆ, ಮುಂದಿನ ಪುಟದಲ್ಲಿ ಅದೇ ಲಾಕರಿನ ಎದುರು "ಬಾಕಿ" ಅಂತಲೇ ಕಾಣುತ್ತಿತ್ತು. ಪ್ರತಿ ಸಲವೂ ಅಲ್ಲ, ಸರ್ವರ್ ಮೇಲೆ ಕೆಲಸ ಜಾಸ್ತಿಯಾದಾಗ ಮಾತ್ರ. ನನ್ನ ಜೊತೆ ಕೂತಿದ್ದ ಗುಮಾಸ್ತೆ, ಪಾಪ, ಎಂಟ್ರಿ ಬಿದ್ದಿಲ್ಲ ಅಂದುಕೊಂಡು ಮತ್ತೊಮ್ಮೆ ಒತ್ತಿದರು. ಖಾತೆಯಿಂದ ಎರಡು ಸಲ ಡೆಬಿಟ್. ವೆಂಡರ್ ಕಡೆಯ ಹುಡುಗನನ್ನು ಕರೆದರೆ, "ರಿಫ್ರೆಶ್ ಕೀಜಿಯೇ ಸರ್, ಆ ಜಾಯೇಗಾ" ಅಂದ. ರಿಫ್ರೆಶ್ ಮಾಡಿದರೆ ಬರುತ್ತಿತ್ತು ನಿಜ. ಆದರೆ ಕೌಂಟರಿನ ಎದುರು ನಿಂತ ಎಪ್ಪತ್ತರ ಅಜ್ಜನಿಗೆ "ಅಜ್ಜ, ರಿಫ್ರೆಶ್ ಮಾಡಿಕೊಳ್ಳಿ" ಅಂತ ಹೇಳುವುದೇ?

ಒಂದು ಮಾತು ಹೇಳಲೇಬೇಕು, ಹುಡುಗ ಜಾಣ. ಎರಡು ದಿನ ಕೂತು ಹುಡುಕಿದ. ಪುಟ ಹಳೆಯದನ್ನು ತೋರಿಸುತ್ತಿದ್ದದ್ದು ಪ್ರತಿಯಿಂದ ಓದಿದ್ದಕ್ಕೆ. ಅದು ಸಣ್ಣ ಸಂಗತಿ. "ಈ ವರ್ಷದ ಬಾಡಿಗೆ ಈಗಾಗಲೇ ಬಂದಿದೆಯೇ" ಅಂತ ನೋಡಿ ಎರಡನೇ ಎಂಟ್ರಿಯನ್ನು ತಡೆಯುವ ತಪಾಸಣೆ ಬೇರೆ ಇತ್ತು. ಅದು ಯಾಕೆ ತಡೆಯಲಿಲ್ಲ? ಅದೂ ಟ್ರಾನ್ಸಾಕ್ಷನ್ ಶುರುವಾಗುವ ಮುಂಚೆ, ಪ್ರತಿಯಿಂದ ಓದುತ್ತಿತ್ತು! ಕಾವಲುಗಾರನೇ ನಿನ್ನೆಯ ಪಟ್ಟಿ ಹಿಡಿದು ಬಾಗಿಲಲ್ಲಿ ಕೂತ ಹಾಗೆ.

ನನ್ನ ವಾದ ಇಲ್ಲಿದೆ. ಲೈಬ್ರರಿಗೆ ಗೊತ್ತಿರುವುದು ಎರಡೇ ಜಾತಿ: ಓದು, ಬರಹ. ಆದರೆ ಓದಿನಲ್ಲೇ ಎರಡುಂಟು. ನೋಡುವುದಕ್ಕೆ ಓದುವುದು ಒಂದು, ಮಾಡುವುದಕ್ಕೆ ಓದುವುದು ಇನ್ನೊಂದು. ಸ್ಟೇಟ್‌ಮೆಂಟ್ ತೆಗೆಯಲು ಓದುವುದು ನೋಡುವ ಓದು. ಬಾಕಿ ಇದೆಯೇ, ಹಣ ಸಾಕೇ, ಈ ಚೆಕ್ ಸ್ಟಾಪ್ ಪೇಮೆಂಟ್ ಆಗಿದೆಯೇ ಅಂತ ನೋಡಿ ಮುಂದಿನ ಹೆಜ್ಜೆ ಇಡುವುದು ಮಾಡುವ ಓದು. ಎರಡೂ ಸೆಲೆಕ್ಟೇ, ಎರಡೂ ಲೈಬ್ರರಿಯ ಕಣ್ಣಿಗೆ ಒಂದೇ. ಅವುಗಳ ವ್ಯತ್ಯಾಸ ಗೊತ್ತಿರುವುದು ಕೆಲಸ ಬಲ್ಲವರಿಗೆ, ಅಂದರೆ ನಮಗೆ. ನಾವು ಹೇಳದೆ ಇಪ್ಪತ್ತೈದರ ಹುಡುಗ ಅದನ್ನು ಊಹಿಸಬೇಕು ಅನ್ನುವುದು ಯಾವ ನ್ಯಾಯ?

ಬರೆಯುವ ಕಡೆಗೆ ಬಂದರೆ ಮಾಂಗೊಡಿಬಿಯ ಕಥೆ ಚೆನ್ನಾಗಿದೆ. ಚೆಕ್ ಹಾಕಲು ಡ್ರಾಪ್ ಬಾಕ್ಸ್ ಇರುತ್ತದಲ್ಲ, ಹಾಕಿ ಹೊರಟರೆ ಆಯಿತು, ರಸೀದಿ ಇಲ್ಲ. 2012ರ ನವೆಂಬರ್‌ವರೆಗೆ ಮಾಂಗೊಡಿಬಿಯ ಡ್ರೈವರುಗಳು ಹಾಗೇ ಇದ್ದವು. ಬರಹವನ್ನು ಕಳಿಸಿ ಮುಂದೆ ಹೋಗುವುದು, ಬಿತ್ತೋ ಇಲ್ಲವೋ ಅಂತ ಕೇಳಬೇಕೆಂದಿದ್ದರೆ ಬೇರೆಯಾಗಿ ಕೇಳಬೇಕಿತ್ತು. ಆಮೇಲೆ ಬಂದ ಹೊಸ ಡ್ರೈವರುಗಳಲ್ಲಿ ಮುಖ್ಯ ಸರ್ವರ್ ಒಂದರಿಂದ ರಸೀದಿ ಪಡೆಯುವುದು ರೂಢಿಯಾಯಿತು. ಅದನ್ನು "ಡಬ್ಲ್ಯು 1" ಅನ್ನುತ್ತಾರೆ. ಕೌಂಟರಿನಲ್ಲಿ ಚೆಕ್ ಕೊಟ್ಟು ಕೌಂಟರ್‌ಫಾಯಿಲಿಗೆ ಸೀಲು ಹೊಡೆಸಿಕೊಂಡಂತೆ. ಆದರೆ ಸೀಲು ಹೊಡೆದ ಆ ಒಂದು ಸರ್ವರ್, ಇತರರಿಗೆ ಸುದ್ದಿ ತಲುಪಿಸುವ ಮೊದಲೇ ಕೆಟ್ಟು ನಿಂತರೆ? ಉಳಿದವರು ಸೇರಿ ಹೊಸ ಮುಖ್ಯಸ್ಥನನ್ನು ಆರಿಸಿಕೊಳ್ಳುತ್ತಾರೆ. ಹಳೆಯದು ಗುಣವಾಗಿ ಬಂದಾಗ, ಬೇರೆ ಯಾರ ಬಳಿಯೂ ಇಲ್ಲದ ಆ ಬರಹವನ್ನು ರದ್ದು ಮಾಡಿ ಪಕ್ಕದ ಒಂದು ಫೈಲಿನಲ್ಲಿ ಇಡುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಸಸ್ಪೆನ್ಸ್ ಅಕೌಂಟ್. ವ್ಯತ್ಯಾಸ ಏನೆಂದರೆ, ಸಸ್ಪೆನ್ಸ್ ಅಕೌಂಟಿನ ಬೆನ್ನು ಹತ್ತಲು ಬ್ಯಾಂಕಿನಲ್ಲಿ ಇನ್‌ಸ್ಪೆಕ್ಟರು ಬರುತ್ತಾರೆ. ಆ ಫೈಲನ್ನು ತೆರೆದು ನೋಡುವವರು ಯಾರು?

"ಮೆಜಾರಿಟಿ" ಅಂತ ಹೇಳಿದರೆ ಅರ್ಧಕ್ಕಿಂತ ಹೆಚ್ಚು ಜನ, ಅಂದರೆ ಮೂವರಲ್ಲಿ ಇಬ್ಬರು, ಬರೆದುಕೊಂಡ ಮೇಲೆಯೇ ರಸೀದಿ. 2021ರಲ್ಲಿ ಬಂದ 5.0 ಆವೃತ್ತಿಯಿಂದ ಬಹುತೇಕ ಕಡೆ ಇದೇ ರೂಢಿಯ ಸೆಟ್ಟಿಂಗ್. ತಡವಾಗಿಯಾದರೂ ಒಳ್ಳೆಯದಾಯಿತು ಅನ್ನಬೇಕು. ಆದರೆ ಹಳೆಯ ಕೋಡಿನಲ್ಲಿ ಯಾರೋ ಎಂದೋ "ಡಬ್ಲ್ಯು 1" ಅಂತ ಬಾಯಿಬಿಟ್ಟು ಬರೆದಿದ್ದರೆ, ಡೇಟಾಬೇಸ್ ಎಷ್ಟೇ ಹೊಸದಾದರೂ ಅದೇ ನಡೆಯುತ್ತದೆ. ಹತ್ತು ವರ್ಷದ ಹಿಂದೆ ಎಲ್ಲಿಂದಲೋ ಕಾಪಿ ಮಾಡಿದ ಸಾಲು ಇವತ್ತಿನ ದುಡ್ಡಿನ ಮೇಲೆ ಅಧಿಕಾರ ನಡೆಸುತ್ತದೆ.

ಅದರಲ್ಲೇ ಓದುವುದಕ್ಕೂ ಆಪ್ಷನ್‌ಗಳಿವೆ. ಡಾಕ್ಟ್ರಿನ್‌ನಂಥ ಲೈಬ್ರರಿಗಳ ಬಿಲ್ಡರಿನಲ್ಲಿ ಒಂದೊಂದು ಕ್ವೆರಿಗೂ ಬೇರೆ ಬೇರೆ ಹೇಳಬಹುದು. ಪ್ರತಿಯಿಂದ ಓದು, ಆದರೆ ಇಷ್ಟು ಸೆಕೆಂಡಿಗಿಂತ ಹಳಸಿದ ಪ್ರತಿ ಬೇಡ ಅನ್ನುವುದಕ್ಕೂ ಮಾಂಗೊಡಿಬಿಯಲ್ಲಿ ಅವಕಾಶವಿದೆ. ಆ ಮಿತಿ ಎಷ್ಟಿರಬಹುದು ಅಂದುಕೊಂಡಿರಿ? ಕನಿಷ್ಠ 90 ಸೆಕೆಂಡು. ಅದಕ್ಕಿಂತ ಕಡಿಮೆ ಕೇಳುವಂತೆಯೇ ಇಲ್ಲ. ಒಂದೂವರೆ ನಿಮಿಷದಲ್ಲಿ ಇಲ್ಲಿ ದಾದರ್ ಸ್ಟೇಷನ್ನಿನ ಹೊರಗೆ ಎಷ್ಟು ಯುಪಿಐ ಆಗುತ್ತದೋ ಎಣಿಸಿ ನೋಡಿ! ಮಾಡುವ ಓದಿಗೆ ಇದು ಉಪಯೋಗವಿಲ್ಲ, ಸರಿಯಾಗಿ ಓದಿಕೊಂಡರೆ ದಾಖಲೆಗಳೂ ಇದನ್ನೇ ಹೇಳುತ್ತವೆ.

ಇನ್ನೊಂದು ಆಪ್ಷನ್ ಬಗ್ಗೆ ನನಗೆ ಹೆಚ್ಚಿನ ಭಯ. ಮೆಜಾರಿಟಿಗೆ ಕಾಯುವಾಗ ಎಷ್ಟು ಹೊತ್ತು ಕಾಯಬೇಕು ಅಂತ ಒಂದು ಗಡುವು ಇಡಬಹುದು. ಗಡುವು ಮೀರಿದರೆ ಎರರ್ ಬರುತ್ತದೆ. ಆದರೆ ಬರೆದದ್ದು ಅಳಿಸಿಹೋಗುವುದಿಲ್ಲ! ಮುಖ್ಯ ಸರ್ವರಿನಲ್ಲಿ ಅದು ಇದೆ, ಸ್ವಲ್ಪ ಹೊತ್ತಿಗೆ ಉಳಿದವರಿಗೂ ತಲುಪಬಹುದು. ಎರರ್ ಅಂದರೆ "ಆಗಲಿಲ್ಲ" ಅಂತಲ್ಲ, "ನನಗೆ ಇನ್ನೂ ಖಾತ್ರಿಯಿಲ್ಲ" ಅಂತ. ಪ್ರೋಗ್ರಾಂ ಅದನ್ನು "ಆಗಲಿಲ್ಲ" ಅಂತ ತಿಳಿದು ಮತ್ತೊಮ್ಮೆ ಬರೆದರೆ ಎರಡು ಎಂಟ್ರಿ. ಪಾವತಿಯ ಲೋಕಕ್ಕೆ ಇದು ಹೊಸದಲ್ಲ. ಯುಪಿಐನಲ್ಲಿ "ಪೆಂಡಿಂಗ್" ಅಂತ ಬರುತ್ತದಲ್ಲ, ಅದೇ ಸ್ಥಿತಿ. ಅದಕ್ಕೆ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರಿನಲ್ಲಿ ಸುತ್ತೋಲೆ ಹೊರಡಿಸಿ ಗಡುವು ಹಾಕಿತು. ಖಾತೆಯಿಂದ ಹೋಗಿ ಆ ಕಡೆ ಸೇರದ ಯುಪಿಐ ಹಣ ಮರುದಿನದೊಳಗೆ ತಾನಾಗಿ ವಾಪಸ್ ಬರಬೇಕು, ಎಟಿಎಂನಲ್ಲಿ ನೋಟು ಬರದಿದ್ದರೆ ಐದು ದಿನದೊಳಗೆ, ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ಅಂದರೆ "ಗೊತ್ತಿಲ್ಲ" ಅನ್ನುವುದನ್ನೂ ಒಂದು ಸ್ಥಿತಿ ಅಂತ ಒಪ್ಪಿ, ಅದಕ್ಕೆ ಯಜಮಾನರನ್ನೂ ದಿನ ಲೆಕ್ಕವನ್ನೂ ಗೊತ್ತುಮಾಡಿದ್ದು. ನಮ್ಮ ಒಳಗಿನ ತಂತ್ರಾಂಶಗಳಲ್ಲಿ ಇಂಥ ಎರರಿಗೆ ಯಜಮಾನರು ಯಾರು?

ಪ್ರೋಗ್ರಾಮರುಗಳ ಆಕ್ಷೇಪ ನನಗೆ ಗೊತ್ತು. ಎಲ್ಲವನ್ನೂ ಮುಖ್ಯ ಸರ್ವರಿನಿಂದಲೇ ಓದಿ, ಎಲ್ಲ ಬರಹಕ್ಕೂ ಎಲ್ಲರಿಗಾಗಿ ಕಾಯಿರಿ ಅಂದರೆ ಪ್ರತಿಗಳನ್ನು ಕೊಂಡದ್ದು ಯಾಕೆ, ಸಿಸ್ಟಂ ಬಸವನ ಹುಳದ ಹಾಗೆ ತೆವಳುತ್ತದೆ ಅಂತ. ಒಪ್ಪಿದೆ. ನಾನು ಹಾಗೆ ಹೇಳುತ್ತಲೂ ಇಲ್ಲ. ಸ್ಟೇಟ್‌ಮೆಂಟು, ಪಾಸ್‌ಬುಕ್ ಪ್ರಿಂಟಿಂಗು, ಹೆಡ್ ಆಫೀಸಿನವರಿಗೆ ದಿನಾ ಬೇಕಾಗುವ ಆ ಮುಗಿಯದ ರಿಪೋರ್ಟುಗಳು, ದಯವಿಟ್ಟು ಪ್ರತಿಯಿಂದಲೇ ಓದಿ. ಮಧ್ಯಾಹ್ನ ಹನ್ನೆರಡಕ್ಕೆ ಮುಖ್ಯ ಸರ್ವರಿನ ಮೇಲೆ ರಿಪೋರ್ಟ್ ಓಡಿಸುವವರ ಮೇಲೆ ನನಗೆ ಇನ್ನೂ ಸಿಟ್ಟು. ಆದರೆ ಪ್ರತಿ ಹಿಂದೆ ಬೀಳುವುದು ಸಾಮಾನ್ಯ ದಿನಗಳಲ್ಲಿ ಕಣ್ಣು ಮಿಟುಕಿಸುವಷ್ಟು. ತ್ರೈಮಾಸಿಕ ಬಡ್ಡಿ ಹಾಕುವ ದಿನ, ಲಕ್ಷಾಂತರ ಖಾತೆಗಳಿಗೆ ಒಟ್ಟಿಗೆ ಬರೆಯುವಾಗ, ಅದು ನಿಮಿಷಗಟ್ಟಲೆ ಆಗಬಹುದು. ಖಾಲಿ ಸರ್ವರಿನಲ್ಲಿ ಪರೀಕ್ಷಿಸಿ "ಸರಿ ಇದೆ" ಅಂದದ್ದು ಆ ದಿನ ಕೈ ಕೊಡುತ್ತದೆ.

ನಾನು ಕೇಳುವುದು ಮೂರು ಕಾಸಿನ ಖರ್ಚಿಲ್ಲದ ಕೆಲಸ. ತಂತ್ರಾಂಶ ಮಾಡಿಸುವಾಗ ಬೇಡಿಕೆ ಪಟ್ಟಿ ಅಂತ ನೂರಾರು ಪುಟ ಬರೆಯುತ್ತೇವಲ್ಲ, ಪ್ರತಿ ಸ್ಕ್ರೀನಿನ ಎದುರು ಒಂದು ಕಾಲಂ ಸೇರಿಸಿ: ಇಲ್ಲಿ ಕಾಣುವ ಅಂಕಿ ಎಷ್ಟು ಹಳೆಯದಿರಬಹುದು? ಅದನ್ನು ತುಂಬಬೇಕಾದವರು ಆ ಕೆಲಸದ ಆಫೀಸರು, ಪ್ರೋಗ್ರಾಮರಲ್ಲ. ಹಳೆಯದಿದ್ದರೂ ಪರವಾಗಿಲ್ಲ ಅನ್ನುವ ಕಡೆ, ಎಟಿಎಂ ಚೀಟಿಯ ಮೇಲಿದ್ದ ಹಾಗೆ "ಇಷ್ಟು ಗಂಟೆಯ ಸ್ಥಿತಿ" ಅಂತ ಅಂಕಿಯ ಪಕ್ಕ ಅಚ್ಚಾಗಲಿ. ಏನೂ ತುಂಬದೆ ಬಿಟ್ಟ ಕಡೆ ಮುಖ್ಯ ಸರ್ವರಿನ ಓದು, ಮೆಜಾರಿಟಿಯ ಬರಹ. ಅದನ್ನು ಸಡಿಲಿಸಬೇಕೆಂದರೆ ಯಾರಾದರೂ ಸಹಿ ಹಾಕಲಿ. ಒಂದೇ ಬಾಡಿಗೆ ಎರಡು ಸಲ ಬೀಳದಂತೆ ಟೇಬಲ್ಲಿನಲ್ಲೇ ಯೂನಿಕ್ ಇಂಡೆಕ್ಸ್ ಇರಲಿ, ಯಾಕಂದರೆ ಅದು ಬರೆಯುವ ಜಾಗದಲ್ಲೇ ನಿಂತು ಕಾಯುತ್ತದೆ, ಪ್ರತಿಯನ್ನು ನಂಬುವುದಿಲ್ಲ. ಆ ಲಾಕರ್ ತಂತ್ರಾಂಶಕ್ಕೆ ಕೊನೆಗೆ ಮಾಡಿದ್ದೂ ಇಷ್ಟೇ: ಇಂಡೆಕ್ಸ್ ಒಂದು, ಎರಡು ಕ್ವೆರಿಗಳಿಗೆ ಮುಖ್ಯ ಸರ್ವರಿನ ಓದು. ಉಳಿದ ಮೂವತ್ತು ಚಿಲ್ಲರೆ ಸ್ಕ್ರೀನುಗಳು ಇದ್ದಂತೆ ಪ್ರತಿಯಿಂದಲೇ ಓದುತ್ತಿದ್ದವು, ಯಾರಿಗೂ ತೊಂದರೆಯಾಗಲಿಲ್ಲ.

ಪುಣೆ, ಹೈದರಾಬಾದ್, ಚೆನ್ನೈಗಳಲ್ಲಿ ಇದೇ ಕೆಲಸ ಮಾಡುತ್ತಿರುವ ನಮ್ಮ ಕನ್ನಡದ ಹುಡುಗ ಹುಡುಗಿಯರು ಇದನ್ನು ಓದುತ್ತೀರಿ ಅಂತ ಗೊತ್ತು. ನಿಮ್ಮ ಟೀಮಿನಲ್ಲಿ ಈ ಆಪ್ಷನ್‌ಗಳನ್ನು ಇಡುವವರು ಯಾರು, ಯಾರನ್ನು ಕೇಳಿ ಇಡುತ್ತಾರೆ, ಬಿಡುವಾದಾಗ ನಾಲ್ಕು ಸಾಲು ಬರೆಯಿರಿ. "ಅದನ್ನೆಲ್ಲ ಲೈಬ್ರರಿ ನೋಡಿಕೊಳ್ಳುತ್ತೆ ಅಂಕಲ್" ಅನ್ನುವುದಾದರೆ, ಯಾವ ಲೈಬ್ರರಿ, ಎಷ್ಟನೇ ಆವೃತ್ತಿ ಅಂತಲೂ ಜೊತೆಗೆ ಬರೆಯಿರಿ.